ಹೊಸ ಮನೆ ಗೋಡೆಗೆ ಅಸಲಿ ಚಿತ್ರ ಬೇಕು: ಇಂಟೀರಿಯರ್‌ನವರ ಪ್ಯಾಕೇಜ್ ತಗೊಳ್ಳೋದಾ, ನಾವೇ ಹುಡುಕೋದಾ?

ಯಲಹಂಕ_ಹೊಸಮನೆ

ಎಲ್ಲರಿಗೂ ನಮಸ್ಕಾರ. ಯಲಹಂಕದಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗಾರೆ ಕೆಲಸ ಮುಗಿದು ಈಗ ಪುಟ್ಟಿ ನಡೀತಿದೆ. ಹಾಲ್‌ನಲ್ಲಿ ಡಬಲ್ ಹೈಟ್ ಗೋಡೆ ಒಂದಿದೆ, ಹದಿನೆಂಟು ಅಡಿ ಎತ್ತರ. ಇಂಟೀರಿಯರ್‌ನವರ ಕೊಟೇಶನ್ನಿನ ಕೊನೆಯಲ್ಲಿ ‘ವಾಲ್ ಆರ್ಟ್ ಪ್ಯಾಕೇಜ್’ ಅಂತ ಒಂದೇ ಸಾಲು: 5 ಪೀಸ್, 1,80,000 ರೂಪಾಯಿ. ಯಾರು ಬರೆದದ್ದು, ಎಷ್ಟು ದೊಡ್ಡದು, ಪೇಂಟಿಂಗೋ ಪ್ರಿಂಟೋ, ಏನೂ ಇಲ್ಲ. ಕೇಳಿದರೆ ‘ಪ್ರೀಮಿಯಂ ಕ್ಯಾನ್ವಾಸ್ ಮೇಡಂ, ನಿಮ್ಮ ಸೋಫಾಗೆ ಮ್ಯಾಚ್ ಆಗುತ್ತೆ’ ಅಂದರು.

ಅಷ್ಟು ದುಡ್ಡು ಹಾಕೋದಾದರೆ ಕಲಾವಿದರು ಕೈಯಾರೆ ಬರೆದದ್ದನ್ನೇ ತಗೊಳ್ಳೋಣ ಅಂತ ನನ್ನ ಆಸೆ. ಯಜಮಾನರು ‘ಗೋಡೆ ಖಾಲಿ ಇದ್ದರೆ ಏನಾಗುತ್ತೆ’ ಅಂತಾರೆ. ಅತ್ತೆಗೆ ಓಡುವ ಏಳು ಕುದುರೆ ಬೇಕೇ ಬೇಕು, ವಾಸ್ತುವಿಗೆ ಒಳ್ಳೆಯದಂತೆ. ಒಟ್ಟು ಒಂದೂವರೆ ಲಕ್ಷದೊಳಗೆ ಆಗಬೇಕು. ಗೃಹಪ್ರವೇಶಕ್ಕೆ ಇನ್ನು ಎರಡೇ ತಿಂಗಳು. ಎಲ್ಲಿ ನೋಡಬೇಕು, ಅಸಲಿ ಅಂತ ಹೇಗೆ ಗೊತ್ತಾಗುತ್ತೆ, ಎಷ್ಟು ದೊಡ್ಡದು ತಗೋಬೇಕು? ಗೊತ್ತಿರುವವರು ಹೇಳಿ.

ಬಸವನಗುಡಿ_ಹಳಬ

ಮೊದಲು ಆ ಸಾಲನ್ನು ಕೊಟೇಶನ್ನಿನಿಂದ ತೆಗೆಸಿಬಿಡಿ ಮೇಡಂ. ಕಲಾವಿದರ ಹೆಸರಿಲ್ಲದ ಚಿತ್ರಕ್ಕೆ ಪೀಸ್ ಲೆಕ್ಕದಲ್ಲಿ ದರ ಹಾಕಿದ್ದಾರೆ ಅಂದರೆ ಅದು ಬಹುತೇಕ ಪ್ರಿಂಟೇ.

ಎರಡನೆಯದು, ಗೃಹಪ್ರವೇಶಕ್ಕೆ ಗೋಡೆ ತುಂಬಿರಲೇಬೇಕು ಅನ್ನೋ ಹಟ ಬಿಡಿ. ಅವತ್ತು ಬಂದವರು ಹೋಳಿಗೆ ಹೇಗಿತ್ತು ಅಂತ ಮಾತಾಡ್ತಾರೆ, ಗೋಡೆ ನೋಡಲ್ಲ. ಗಡುವು ಇಟ್ಟುಕೊಂಡು ಚಿತ್ರ ಕೊಳ್ಳಲು ಹೋದರೆ ಕೈಗೆ ಸಿಕ್ಕಿದ್ದನ್ನೇ ತರೋದು.

ಈ ಎರಡು ತಿಂಗಳು ಸುಮ್ನೆ ನೋಡಿ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಿ. ಅಲ್ಲಿನ ಗ್ಯಾಲರಿಗಳನ್ನು ಬಾಡಿಗೆಗೆ ಹಿಡಿದು ಕಲಾವಿದರು ಪ್ರದರ್ಶನ ಇಡುತ್ತಾರೆ. ಎಷ್ಟೋ ಸಲ ಬರೆದವರೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಹತ್ತು ನಿಮಿಷ ಮಾತಾಡಿದರೆ ಆಸಾಮಿ ಎಂಥವರು ಅಂತ ಗೊತ್ತಾಗಿಬಿಡುತ್ತೆ. ಪ್ಯಾಲೇಸ್ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಅಲ್ಲಿ ಕೊಳ್ಳೋಕೆ ಏನೂ ಸಿಗಲ್ಲ, ಆದರೆ ಕಣ್ಣು ಪಳಗುತ್ತೆ. ಸೋಮವಾರ ರಜೆ.

ಮೂರನೇಮಹಡಿ

ನಾನು ಬೈಸಿಕೊಳ್ಳಲು ಸಿದ್ಧ. ಆನ್‌ಲೈನಲ್ಲಿ 1,200 ರೂಪಾಯಿಗೆ ಒಳ್ಳೊಳ್ಳೆ ಪ್ರಿಂಟು ಫ್ರೇಮ್ ಸಮೇತ ಬರುತ್ತೆ. ಬೇಜಾರಾದರೆ ಬದಲಾಯಿಸಬಹುದು. ಒರಿಜಿನಲ್ ಅನ್ನೋದು ಬರೀ ಜಂಬ ಅಲ್ವಾ?

ಕುಂಚದವನು

ಜಂಬಕ್ಕೆ ಕೊಳ್ಳುವವರು ಇದ್ದಾರೆ, ಸುಳ್ಳಲ್ಲ. ನಾನು ಚಿತ್ರ ಬರೆದೇ ಬದುಕುವವನು, ಅಂಥವರಿಗೂ ಮಾರಿದ್ದೇನೆ.

ಆದರೆ ಪ್ರಿಂಟನ್ನು ಪ್ರಿಂಟ್ ಅಂತಲೇ ಹೇಳಿ ಮಾರಲಿ, ತಕರಾರಿಲ್ಲ. ಕ್ಯಾನ್ವಾಸ್ ಮೇಲೆ ಪ್ರಿಂಟ್ ಹೊಡೆದು, ಮೇಲೆ ಪಾರದರ್ಶಕ ಜೆಲ್ ಬಳಿದು, ಕುಂಚದ ಗೆರೆ ಎಬ್ಬಿಸಿ ‘ಹ್ಯಾಂಡ್ ಫಿನಿಶ್’ ಅಂತ ಮಾರುವುದೇ ಸಮಸ್ಯೆ. ಕಂಡುಹಿಡಿಯೋದು ಅಂಥ ಕಷ್ಟವೇನಲ್ಲ. ಫೋನಿನ ಟಾರ್ಚನ್ನು ಗೋಡೆಗೆ ಒರಗಿಸಿದ ಹಾಗೆ ಪಕ್ಕದಿಂದ ಹಿಡಿಯಿರಿ. ಅಸಲಿಯಲ್ಲಿ ಬಣ್ಣ ಎಲ್ಲಿ ಬದಲಾಗುತ್ತೋ ಅಲ್ಲೇ ಕುಂಚದ ಉಬ್ಬೂ ಬದಲಾಗುತ್ತೆ. ಜೆಲ್ ಹಚ್ಚಿದ್ದರಲ್ಲಿ ಉಬ್ಬು ಒಂದು ಕಡೆ ಹೋಗುತ್ತೆ, ಕೆಳಗಿನ ಬಣ್ಣ ಇನ್ನೊಂದು ಕಡೆ ಹೋಗುತ್ತೆ. ಎಲೆಯ ಅಂಚು ಇಲ್ಲಿ ತಿರುಗಿದೆ, ಗೆರೆ ಮಾತ್ರ ನೆಟ್ಟಗೆ ಆಕಾಶದೊಳಕ್ಕೆ ಹೋಗಿದೆ. ಒಮ್ಮೆ ನೋಡಿದರೆ ಆಮೇಲೆ ಮರೆಯಲ್ಲ. ವಾಚ್ ರಿಪೇರಿಯವರ ಹತ್ತಿರ ಇರುವಂಥ ಭೂತಗನ್ನಡಿಯಲ್ಲಿ ನೋಡಿದರೆ ಪ್ರಿಂಟಿನಲ್ಲಿ ಸಣ್ಣ ಸಣ್ಣ ಚುಕ್ಕಿ ಕಾಣುತ್ತೆ. ಚಿತ್ರದ ಬೆನ್ನೂ ನೋಡಿ. ಅಲ್ಲಿ ಸಹಿ, ವರ್ಷ, ಯಾವ ಬಣ್ಣ ಅಂತ ಬರೆದಿರುತ್ತಾರೆ. ಅಂಚಿನಲ್ಲಿ ಬಣ್ಣ ತೊಟ್ಟಿಕ್ಕಿದ ಗುರುತು ಇರುತ್ತೆ.

ಬಸವನಗುಡಿ_ಹಳಬ

ಮೂರನೇಮಹಡಿಯವರೇ, ನಿಮ್ಮ ಬಜೆಟ್ಟಿಗೂ ಅಸಲಿ ಸಿಗುತ್ತೆ. ಎಚಿಂಗ್, ವುಡ್‌ಕಟ್, ಲಿನೋಕಟ್ ಅಂತ ಕೇಳಿದ್ದೀರಾ? ತಾಮ್ರ ಅಥವಾ ಸತುವಿನ ತಗಡಿನ ಮೇಲೆ, ಮರದ ಹಲಗೆ ಮೇಲೆ, ಲಿನೋಲಿಯಂ ಹಾಳೆ ಮೇಲೆ ಕಲಾವಿದರೇ ಚಿತ್ರ ಕೊರೆದು, ಶಾಯಿ ಹಚ್ಚಿ, ಒಂದೊಂದೇ ಹಾಳೆ ತೆಗೆಯುತ್ತಾರೆ. ಕೆಳಗೆ ಪೆನ್ಸಿಲಿನಲ್ಲಿ 5/25 ಅಂತ ಇರುತ್ತೆ. ಒಟ್ಟು ಇಪ್ಪತ್ತೈದು ತೆಗೆದದ್ದರಲ್ಲಿ ಇದು ಐದನೆಯದು ಅಂತ ಅರ್ಥ. ಪಕ್ಕದಲ್ಲಿ ಸಹಿ. ಇಪ್ಪತ್ತೈದಿದ್ದರೂ ಪ್ರತಿಯೊಂದೂ ಅಸಲಿಯೇ. ಎಚಿಂಗ್ ಆದರೆ ಚಿತ್ರದ ಸುತ್ತ ಕಾಗದ ಒಳಕ್ಕೆ ಒತ್ತಿರುತ್ತೆ, ತಗಡಿನ ಅಂಚಿನ ಗುರುತು ಅದು. ಬೆರಳಲ್ಲಿ ಮುಟ್ಟಬೇಡಿ, ಓರೆಯಾಗಿ ಹಿಡಿದು ನೋಡಿ. ವಿದ್ಯಾರ್ಥಿಗಳ ಕೆಲಸ ಕೆಲವೇ ಸಾವಿರಕ್ಕೆ ಸಿಗುತ್ತೆ. ಕಲಾ ಕಾಲೇಜುಗಳ ವಾರ್ಷಿಕ ಪ್ರದರ್ಶನ ತಪ್ಪಿಸಬೇಡಿ.

ಮೂರನೇಮಹಡಿ

ಇದು ಗೊತ್ತಿರಲಿಲ್ಲ. ನೋಡ್ತೀನಿ. 1,200ಕ್ಕೆ ಸಿಗಲ್ಲ ಬಿಡಿ.

ಗೋಡೆ_ಮೊಳೆ

ನಾನು ಸಿವಿಲ್ ಎಂಜಿನಿಯರ್. ಕಲೆ ಬಗ್ಗೆ ಮಾತಾಡಲ್ಲ, ಗೋಡೆ ಬಗ್ಗೆ ಹೇಳ್ತೀನಿ.

ಪುಟ್ಟಿ ನಡೀತಿದೆ ಅಂದಿರಿ. ನೀರು ಕುಡಿದ ಗೋಡೆ ಅದು. ಮೇಲೆ ಒಣಗಿದ ಹಾಗೆ ಕಂಡರೂ ಒಳಗಿನ ತೇವ ಹೊರಗೆ ಬರೋಕೆ ತಿಂಗಳುಗಟ್ಟಲೆ ಬೇಕು. ಹೊರಗೋಡೆ ಆದರೆ ಒಂದು ಮಳೆಗಾಲ ಕಳೆದ ಮೇಲೇ ಎಲ್ಲಿ ಸೀಪೇಜ್ ಇದೆ ಅಂತ ಗೊತ್ತಾಗೋದು. ಅಂಥ ಗೋಡೆಗೆ ಕಾಗದದ ಚಿತ್ರ ಒತ್ತಿ ತೂಗುಹಾಕಿದರೆ ಹಿಂದೆ ಬೂಷ್ಟು ಹಿಡಿಯುತ್ತೆ. ಬಾತ್‌ರೂಮಿನ ಆಚೆ ಬದಿಯ ಗೋಡೆಯೂ ಹಾಗೇ. ಫ್ರೇಮಿನ ಕೆಳಗಿನ ಎರಡು ಮೂಲೆಗೆ ಕಾರ್ಕ್ ಅಥವಾ ರಬ್ಬರ್ ಬಿಲ್ಲೆ ಅಂಟಿಸಿ. ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ.

ಗೋಡೆ ಯಾವುದರದ್ದು? ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್ ಆದರೆ ಮಾಮೂಲಿ ಪ್ಲಗ್ಗು ಸ್ಕ್ರೂ ಸಾಕು. ಹಗುರ ಎಎಸಿ ಬ್ಲಾಕಿಗೆ ಬರೀ ಮೊಳೆ ಹೊಡೆದರೆ ಪುಡಿ ಉದುರಿ ಸಡಿಲವಾಗುತ್ತೆ, ಅದಕ್ಕೆಂದೇ ಬರುವ ಉದ್ದದ ಪ್ಲಗ್ ಹಾಕಿಸಿ. ಅಪಾರ್ಟ್‌ಮೆಂಟ್‌ಗಳ ಮೈವಾನ್ ಗೋಡೆ ಪೂರಾ ಕಾಂಕ್ರೀಟು. ಹ್ಯಾಮರ್ ಡ್ರಿಲ್ ಇಲ್ಲದೆ ಕೈ ಹಾಕಬೇಡಿ. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಎಲ್ಲಿಯೂ ತೂತು ಕೊರೆಯಬೇಡಿ, ಒಳಗೆ ವೈರಿಂಗ್ ಪೈಪ್ ಓಡಿರುತ್ತೆ.

ತೂಕವೂ ನೋಡಿ. 4×5 ಅಡಿ ಚಿತ್ರಕ್ಕೆ 3 ಮಿಲಿಮೀಟರ್ ಗಾಜು ಹಾಕಿಸಿದರೆ ಗಾಜೇ 14 ಕಿಲೋ ಹತ್ತಿರ ಬರುತ್ತೆ. ಮೇಲೆ ಫ್ರೇಮ್ ಬೇರೆ. ಎರಡು ಕಡೆ ಹಿಡಿತ ಕೊಡಿಸಿ.

ಯಲಹಂಕ_ಹೊಸಮನೆ

ಅಯ್ಯೋ, ಈ ತೇವದ ವಿಷಯ ಯಾರೂ ಹೇಳಿರಲಿಲ್ಲ. ನಮ್ಮದು ಕಾಂಕ್ರೀಟ್ ಬ್ಲಾಕ್ ಸರ್. ಡಬಲ್ ಹೈಟ್ ಗೋಡೆ ಹೊರಗೋಡೆಯೇ. ಎದುರಿಗೆ ಪಶ್ಚಿಮದ ಕಿಟಕಿ, ಸಂಜೆ ಬಿಸಿಲು ನೇರ ಬೀಳುತ್ತೆ.

ನಾನೂ_ಡಿಸೈನರ್

ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ಕ್ಲೈಂಟ್‌ಗಳು ಮಾಡ್ಯುಲರ್ ಕಿಚನ್‌ಗೆ ಲಕ್ಷಗಟ್ಟಲೆ ಹಾಕ್ತಾರೆ. ಟಿವಿ ಯೂನಿಟ್ಟಿಗೆ ಹಾಕ್ತಾರೆ. ಕೊನೆಗೆ ‘ಗೋಡೆ ಬೋಳು ಕಾಣ್ತಿದೆ, ಏನಾದರೂ ಹಾಕಿ’ ಅಂತಾರೆ. ಆಗ ಪ್ಯಾಕೇಜ್ ಬಿಟ್ಟು ಇನ್ನೇನು ಕೊಡೋದು? ಹೆಸರು ಬರೆಯದೆ ಬಿಲ್ ಹಾಕೋದು ತಪ್ಪು, ಅದನ್ನು ಒಪ್ತೀನಿ.

ಮೇಡಂ, ನಿಮಗೆ ಇನ್ನೂ ಟೈಮ್ ಇದೆ. ಫಾಲ್ಸ್ ಸೀಲಿಂಗ್ ಮುಚ್ಚುವ ಮೊದಲು ಆ ಗೋಡೆ ಕಡೆ ತಿರುಗಿಸಬಹುದಾದ ಸ್ಪಾಟ್ ಲೈಟಿಗೆ ವೈರ್ ಎಳೆಸಿ. ಚಿತ್ರ ಮುಂದಿನ ವರ್ಷ ಬರಲಿ, ವೈರ್ ಈಗಲೇ ಬೇಕು. ಬಲ್ಬ್ 3000 ಕೆಲ್ವಿನ್ (ಬೆಚ್ಚನೆ ಹಳದಿ ಬೆಳಕು) ಇರಲಿ, ಸಿಆರ್‌ಐ, ಅಂದರೆ ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಂಕ, 90ಕ್ಕಿಂತ ಮೇಲಿರಲಿ. ಅದಕ್ಕಿಂತ ಕಡಿಮೆ ಆದರೆ ಕೆಂಪು ಮಂಕಾಗುತ್ತೆ. ಬೆಳಕು ಗೋಡೆಗೆ ಸುಮಾರು 30 ಡಿಗ್ರಿ ಓರೆಯಲ್ಲಿ ಬಿದ್ದರೆ ಗಾಜಿನ ಮೇಲೆ ಹೊಳಪು ಬಡಿಯಲ್ಲ.

ಹದಿನೆಂಟು ಅಡಿ ಇದೆ ಅಂತ ಹದಿನೆಂಟು ಅಡಿಯೂ ತುಂಬಬೇಡಿ. ಕೆಳಗೆ ನಿಂತವರ ಕಣ್ಣಿಗೆ ಸಿಗಬೇಕು. ಚಿತ್ರದ ನಡುಮಧ್ಯ ನೆಲದಿಂದ 57ರಿಂದ 60 ಇಂಚಿಗೆ ಬಂದರೆ ಸರಿ. ಸೋಫಾ ಮೇಲೆ ಆದರೆ ಸೋಫಾ ಅಗಲದ ಮೂರರಲ್ಲಿ ಎರಡು ಪಾಲು ಅಗಲ, ಬೆನ್ನಿನಿಂದ ಒಂದು ಗೇಣು ಮೇಲೆ. ಅಳತೆ ಗೊತ್ತಾಗದಿದ್ದರೆ ಹಳೇ ಪೇಪರ್ ಅಂಟಿಸಿ ಆ ಸೈಜಿಗೆ ಕತ್ತರಿಸಿ, ಮಾಸ್ಕಿಂಗ್ ಟೇಪಲ್ಲಿ ಗೋಡೆಗೆ ಹಾಕಿ. ಒಂದು ವಾರ ಅದರ ಮುಂದೆಯೇ ಓಡಾಡಿ. ಮೆಟ್ಟಿಲ ಮೇಲಿಂದಲೂ ನೋಡಿ, ಡಬಲ್ ಹೈಟ್ ಮನೆಯಲ್ಲಿ ಅಲ್ಲಿಂದಲೇ ಜಾಸ್ತಿ ಕಾಣೋದು.

ಪಶ್ಚಿಮದ ಬಿಸಿಲು ಬೀಳುವ ಕಡೆ ಜಲವರ್ಣ ಬೇಡವೇ ಬೇಡ. ಅಕ್ರಿಲಿಕ್ ಬಣ್ಣದಲ್ಲಿ ಬರೆದದ್ದು ಇರಲಿ, ಜೊತೆಗೆ ಕಿಟಕಿಗೆ ಪರದೆ ಹಾಕಿ.

ಕುಂಚದವನು

ಡಿಸೈನರ್‌ಗಳಲ್ಲಿ ಒಂದು ವಿನಂತಿ. ದಯವಿಟ್ಟು ಸೋಫಾ ಬಟ್ಟೆಯ ತುಂಡು ಕಳಿಸಿ ‘ಇದೇ ಬಣ್ಣದಲ್ಲಿ ಅಬ್‌ಸ್ಟ್ರಾಕ್ಟ್ ಬೇಕು’ ಅನ್ನಬೇಡಿ. ಸೋಫಾ ಐದಾರು ವರ್ಷಕ್ಕೆ ಬದಲಾಗುತ್ತೆ.

ನಾನೂ_ಡಿಸೈನರ್

ಸರ್, ಮನೆಯವರು ದಿನಾ ಆ ರೂಮಲ್ಲಿ ಕೂರಬೇಕು. ಬಣ್ಣ ಕಚ್ಚಾಡಿದರೆ ಅವರಿಗೆ ಹಿಂಸೆ. ಬಣ್ಣ ನೋಡಿ ಕೊಳ್ಳೋದು ಕೀಳು ಅನ್ನೋ ಮಾತು ನಾನು ಒಪ್ಪಲ್ಲ.

ಕುಂಚದವನು

ಬಣ್ಣ ನೋಡಿ ಕೊಳ್ಳಿ. ಬಣ್ಣ ಹೇಳಿ ಬರೆಸಬೇಡಿ. ಎರಡೂ ಬೇರೆ.

ಬಸವನಗುಡಿ_ಹಳಬ

ಈ ಜಗಳದಲ್ಲಿ ನಾನು ಕಲಾವಿದರ ಕಡೆ. ಮ್ಯಾಚ್ ಆದ ಚಿತ್ರ ತಿಂಗಳೊಳಗೆ ಕಣ್ಣಿಗೆ ಬೀಳೋದೇ ನಿಂತುಹೋಗುತ್ತೆ, ಗೋಡೆ ಗಡಿಯಾರದ ಹಾಗೆ.

ಸೈಜಿನ ಬಗ್ಗೆಯೂ ಒಂದು ಮಾತು. ಕೆ. ವೆಂಕಟಪ್ಪ (1886–1965) ಅವರ ಊಟಿಯ ಜಲವರ್ಣಗಳನ್ನು ನೋಡಿದವರು ದೊಡ್ಡ ಗೋಡೆಗೆ ದೊಡ್ಡ ಚಿತ್ರವೇ ಬೇಕು ಅನ್ನಲ್ಲ. ಸಣ್ಣ ಚಿತ್ರಗಳು ಅವು. ಆದರೆ ಬೆಟ್ಟದ ಮೇಲೆ ಮಂಜು ಇಳಿಯುವುದನ್ನು ನೋಡೋಕೆ ನೀವಾಗಿಯೇ ಹತ್ತಿರ ಹೋಗ್ತೀರಿ. ಮನುಷ್ಯ ಕಲ್ಕತ್ತಾದಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತು ಬಂದವರು. ಅವರದೇ ಹೆಸರಿನ ಗ್ಯಾಲರಿ ಕಸ್ತೂರ್ಬಾ ರಸ್ತೆಯಲ್ಲಿದೆ. ಅದರ ಮುಂದೆಯೇ ದಿನಾ ಗಾಡಿ ಓಡಿಸುವ ಎಷ್ಟೋ ಜನ ಒಳಗೆ ಹೋಗಿಯೇ ಇಲ್ಲ.

ಸಾಗರದ_ಹುಡುಗಿ

ಗೋಡೆ ಹೊಸದಾಗಿಯೇ ಇದೆಯಲ್ಲ ಅಕ್ಕ, ಗೋಡೆ ಮೇಲೇ ಬರೆಸಬಹುದು ಅಂತ ಯಾರಿಗೂ ಹೊಳೀಲಿಲ್ವಾ?

ನಮ್ಮ ಶಿವಮೊಗ್ಗ, ಸಾಗರದ ಕಡೆ ದೀವರು ಅನ್ನೋ ಸಮುದಾಯದವರ ಮನೆಗಳಲ್ಲಿ ಹಸೆ ಚಿತ್ತಾರ ಬರೀತಾರೆ. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಮದುವೆಯಲ್ಲಿ ಗಂಡು ಹೆಣ್ಣು ಕೂರುವ ಹಸೆಗೋಡೆಗೆ ಹೆಂಗಸರು ಬರೆಯೋದು. ಒಂದೊಂದು ಎಳೆಯೂ ಒಂದೇ ದಪ್ಪ, ಸ್ಕೇಲು ಪೆನ್ಸಿಲ್ ಏನೂ ಇಲ್ಲ. ಹತ್ತಿರದಿಂದ ನೋಡಿದರೆ ಅಲ್ಲಲ್ಲಿ ನಾರು ಸೀಳಿ ಗೆರೆ ಎರಡಾಗಿರೋದು ಕಾಣುತ್ತೆ. ನನಗೆ ಅದೇ ಇಷ್ಟ.

ಆದರೆ ಪುಟ್ಟಿ, ಎಮಲ್ಷನ್ ಹೊಡೆದ ನುಣುಪು ಗೋಡೆಗೆ ಕೆಮ್ಮಣ್ಣು ಸರಿಯಾಗಿ ಕಚ್ಚಲ್ಲ. ಬರೆಸೋದಾದರೆ ಆ ಭಾಗಕ್ಕೆ ಪುಟ್ಟಿ ಹಾಕಿಸಬೇಡಿ, ಬರೆಯುವವರನ್ನೇ ಮೊದಲು ಕರೆಸಿ ಗೋಡೆ ತೋರಿಸಿ. ಹೊರಗೋಡೆಗಂತೂ ಬೇಡ, ಮೇಲೆ ಎಂಜಿನಿಯರ್ ಸರ್ ಹೇಳಿದ ತೇವದ ಕಾಟ. ಒಳಗೋಡೆ ನೋಡಿ. ಬಟ್ಟೆ, ಹಲಗೆ ಮೇಲೂ ಬರೆದುಕೊಡ್ತಾರೆ. ಒಂದೇ ಒಂದು ಮಾತು: ಫೋಟೋ ತೋರಿಸಿ ಇಲ್ಲಿನ ಪೇಂಟರ್ ಕೈಲಿ ಕಾಪಿ ಹೊಡೆಸಬೇಡಿ. ಆ ದುಡ್ಡು ಬರೆಯುವ ಹೆಂಗಸರಿಗೇ ಹೋಗಲಿ.

ಯಲಹಂಕ_ಹೊಸಮನೆ

ಊಟದ ಟೇಬಲ್ ಪಕ್ಕ ಒಳಗೋಡೆ ಒಂದಿದೆ. ಪುಟ್ಟಿಯವರಿಗೆ ಇವತ್ತೇ ಫೋನ್ ಮಾಡಿ ಅದೊಂದು ಬಿಡಿ ಅಂದೆ. ಥ್ಯಾಂಕ್ಸ್ ಕಣಮ್ಮ.

ಈಗ ಏಳು ಕುದುರೆಗೆ ಯಾರಾದರೂ ದಾರಿ ತೋರಿಸಿ.

ಮೂರನೇಮಹಡಿ

ಅತ್ತೆ ಹೇಳಿದ್ದು ಹಾಕಿ, ಮನೆ ನೆಮ್ಮದಿಯಾಗಿರುತ್ತೆ. ಇದಕ್ಕಿಂತ ದೊಡ್ಡ ವಾಸ್ತು ಇಲ್ಲ.

ಬಸವನಗುಡಿ_ಹಳಬ

ಸೂರ್ಯನ ರಥಕ್ಕೆ ಎಷ್ಟು ಕುದುರೆ? ಏಳು ತಾನೇ! ಮೈಸೂರು ಶೈಲಿಯಲ್ಲಿ ಸೂರ್ಯನಾರಾಯಣನನ್ನು ಬರೆಸಿ. ಅತ್ತೆಗೆ ಕುದುರೆ, ದೇವರು ಎರಡೂ ಸಿಕ್ಕಿತು. ನಿಮಗೆ ಅಸಲಿ ಚಿತ್ರ ಸಿಕ್ಕಿತು.

ಮೈಸೂರು ಚಿತ್ರ ಅಂತ ಹೇಳಿ ತಂಜಾವೂರಿನದ್ದು ಕೊಡುವವರಿದ್ದಾರೆ, ನೋಡಿಕೊಳ್ಳಿ. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಕಲ್ಲು ಗಾಜು ಕೂರಿಸಿರುತ್ತಾರೆ. ಮೈಸೂರಿನದರಲ್ಲಿ ಗೆಸೋ ಕೆಲಸ, ಅಂದರೆ ಸರಿ ಹಚ್ಚಿ ಉಬ್ಬು ಎಬ್ಬಿಸೋದು, ತೆಳು. ಒಡವೆ, ಸೀರೆ ಅಂಚಿನಲ್ಲಿ ಮಾತ್ರ ಸಣ್ಣಗೆ ಎದ್ದಿರುತ್ತೆ, ಮೇಲೆ ಚಿನ್ನದ ರೇಕು. ರೇಕು ಅಸಲಿ ಚಿನ್ನವೋ ನಕಲಿಯೋ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ನಕಲಿ ರೇಕು ಕಾಲ ಕಳೆದ ಹಾಗೆ ಕಪ್ಪಾಗುತ್ತೆ. ದೀಪ, ಕರ್ಪೂರದ ಹೊಗೆ ನೇರ ತಾಗುವ ಕಡೆ ಇಡಬೇಡಿ.

ಯಲಹಂಕ_ಹೊಸಮನೆ

ಅತ್ತೆಗೆ ಒಂದು ಫೋಟೋ ತೋರಿಸಿದೆ. ಮೊದಲು ಕುದುರೆ ಎಣಿಸಿದರು. ಏಳಿದ್ದವು. ಈಗ ‘ಬಲಗಡೆ ಮುಖ ಮಾಡಿರಬೇಕಾ ಎಡಗಡೆನಾ’ ಅಂತ ಶುರುವಾಗಿದೆ.

ಲೆಕ್ಕದ_ಮೇಷ್ಟ್ರು

ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ.

ಪೂರ್ತಿ ಕೈಯಿಂದ ಬರೆದ ಚಿತ್ರಕ್ಕೆ ಜಿಎಸ್‌ಟಿ 12% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5% ಆಗಿದೆ. ಅದೇ ಚಿತ್ರವನ್ನು ಇಂಟೀರಿಯರ್ ಕೆಲಸದ ಒಟ್ಟು ಬಿಲ್ಲಿನೊಳಗೆ ಸೇರಿಸಿದರೆ ಎಲ್ಲಕ್ಕೂ ಸೇರಿ 18% ಬೀಳಬಹುದು. ಒಂದೂವರೆ ಲಕ್ಷಕ್ಕೆ ವ್ಯತ್ಯಾಸ 19,500 ರೂಪಾಯಿ. ಬೇರೆ ಬಿಲ್ ಕೇಳಲು ಇಷ್ಟೇ ಕಾರಣ ಸಾಕು. ಸಣ್ಣ ಕಲಾವಿದರು ಎಷ್ಟೋ ಜನರ ವರ್ಷದ ವಹಿವಾಟು ಜಿಎಸ್‌ಟಿ ನೋಂದಣಿಯ ಮಿತಿಯೊಳಗೇ ಇರುತ್ತೆ, ಅವರು ತೆರಿಗೆ ಹಾಕುವಂತಿಲ್ಲ.

ಮುಂದೆ ಮಾರಿದರೆ ಲಾಭಕ್ಕೆ ತೆರಿಗೆ ಇದೆ. ಸೋಫಾ, ಮಂಚದ ಹಾಗೆ ಸ್ವಂತ ಬಳಕೆಯ ಸಾಮಾನು ಅಂತ ಚಿತ್ರಕ್ಕೆ ವಿನಾಯಿತಿ ಸಿಗಲ್ಲ. ಹಾಗಾಗಿ ಬಿಲ್ ಎತ್ತಿಡಿ. ಕಲಾವಿದರ ಸಹಿ, ಚಿತ್ರದ ಹೆಸರು, ಅಳತೆ, ವರ್ಷ, ಮಾಧ್ಯಮ (ಯಾವ ಬಣ್ಣ, ಯಾವುದರ ಮೇಲೆ) ಇಷ್ಟಿರುವ ಸರ್ಟಿಫಿಕೇಟ್, ಜೊತೆಗೊಂದು ಫೋಟೋ ಇಸ್ಕೊಳ್ಳಿ. ಹೂಡಿಕೆ ಅಂತ ಮಾತ್ರ ಕೊಳ್ಳಬೇಡಿ, ಮಾರಲು ಹೋದಾಗ ಕೊಳ್ಳುವವರೇ ಸಿಗೋದು ಕಷ್ಟ.

ಚಿಕ್ಕಮಗಳೂರು_ಹೋಂಸ್ಟೇ

ನಡುವೆ ಒಂದು ಪ್ರಶ್ನೆ. ನಾನು ಕೊಂಡ ಪೇಂಟಿಂಗನ್ನು ಹೋಂಸ್ಟೇ ಕ್ಯಾಲೆಂಡರ್ ಮೇಲೆ ಹಾಕಿಸಬಹುದಾ? ದುಡ್ಡು ಕೊಟ್ಟಿದ್ದೀನಲ್ಲ.

ಲೆಕ್ಕದ_ಮೇಷ್ಟ್ರು

ಇಲ್ಲ. ನೀವು ಕೊಂಡದ್ದು ಆ ಒಂದು ಚಿತ್ರ ಮಾತ್ರ. ಕಾಪಿ ಮಾಡುವ ಹಕ್ಕು ಕಲಾವಿದರದ್ದೇ, ಅವರು ಬರೆದುಕೊಟ್ಟರೆ ಮಾತ್ರ ನಿಮ್ಮದು. ಹಕ್ಕುಸ್ವಾಮ್ಯ ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ಒಂದು ಫೋನ್ ಮಾಡಿ ಕೇಳಿ, ಎಷ್ಟೋ ಜನ ಖುಷಿಯಿಂದ ಒಪ್ಪುತ್ತಾರೆ.

ಯಲಹಂಕ_ಹೊಸಮನೆ

ಕುಂಚದವನು ಸರ್, ಚೌಕಾಸಿ ಮಾಡಬಹುದಾ? ದರ ಹೇಗೆ ಹಾಕ್ತೀರಿ?

ಕುಂಚದವನು

ನಮ್ಮಲ್ಲಿ ಬಹಳ ಜನ ಚದರ ಇಂಚಿಗೆ ಇಷ್ಟು ಅಂತ ಇಟ್ಟುಕೊಂಡಿರುತ್ತೇವೆ. ಹೆಸರು ಬೆಳೆದ ಹಾಗೆ ಅದು ಏರುತ್ತೆ. ಗ್ಯಾಲರಿಯಲ್ಲಿ ಮಾರಿದರೆ ಗ್ಯಾಲರಿಯವರ ಪಾಲು ಮೂರನೇ ಒಂದರಿಂದ ಅರ್ಧದವರೆಗೂ ಹೋಗುತ್ತೆ. ಹಾಗಂತ ಗ್ಯಾಲರಿಯಲ್ಲಿ ನೋಡಿ, ಹಿಂಬಾಗಿಲಿಂದ ನಮಗೆ ಫೋನ್ ಮಾಡಿ ಅರ್ಧ ರೇಟಿಗೆ ಕೇಳಬೇಡಿ. ಒಪ್ಪಿಕೊಂಡರೆ ಆ ಗ್ಯಾಲರಿ ಮತ್ತೆ ನಮ್ಮನ್ನು ಹತ್ತಿರ ಸೇರಿಸಲ್ಲ.

ಚೌಕಾಸಿ ಮಾಡಿ, ಬೇಜಾರಿಲ್ಲ. ಆದರೆ ‘ಬಣ್ಣಕ್ಕೆ, ಬಟ್ಟೆಗೆ ಎಷ್ಟು ಖರ್ಚಾಯ್ತು’ ಅಂತ ಕೇಳಿದರೆ ನಾನು ಮಾತು ನಿಲ್ಲಿಸಿಬಿಡ್ತೀನಿ. ಕಂತಿನಲ್ಲಿ ಕೊಡ್ತೀನಿ ಅಂದರೆ ಬಹಳ ಜನ ಒಪ್ಪುತ್ತಾರೆ, ಸಂಕೋಚ ಬೇಡ. ಹೇಳಿ ಬರೆಸೋದಾದರೆ ಸ್ವಲ್ಪ ಅಡ್ವಾನ್ಸ್ ಕೊಡಿ, ಮೊದಲು ಸಣ್ಣ ಸ್ಕೆಚ್ ನೋಡಿ, ಅದಾದ ಮೇಲೆ ಸುಮ್ಮನಿರಿ. ದಿನಾ ಫೋಟೋ ಕಳಿಸಿ ಅನ್ನಬೇಡಿ.

ಜನವರಿವರೆಗೆ ತಡೆಯೋಕೆ ಆಗುತ್ತೆ ಅಂದರೆ ಚಿತ್ರಸಂತೆಗೆ ಬನ್ನಿ. ಸಾಮಾನ್ಯವಾಗಿ ಮೊದಲ ಭಾನುವಾರದ ಸುಮಾರಿಗೆ ನಡೆಯುತ್ತೆ. ಕುಮಾರಕೃಪಾ ರಸ್ತೆಯ ಎರಡೂ ಬದಿಯಲ್ಲಿ ದೇಶದ ಎಲ್ಲ ಕಡೆಯಿಂದ ಕಲಾವಿದರು ಬಂದು ಕೂರುತ್ತಾರೆ. ನೂರು ರೂಪಾಯಿಯ ಸ್ಕೆಚ್ಚಿನಿಂದ ಲಕ್ಷದ ಕ್ಯಾನ್ವಾಸಿನವರೆಗೆ ಇರುತ್ತೆ. ಹನ್ನೊಂದರ ಮೇಲೆ ಕಾಲಿಡೋಕೆ ಜಾಗ ಇರಲ್ಲ, ಬೆಳಿಗ್ಗೆಯೇ ಬನ್ನಿ. ಇಷ್ಟವಾದವರ ಫೋನ್ ನಂಬರ್ ಇಸ್ಕೊಂಡು ಹೋಗಿ, ಆಮೇಲೆ ಅವರ ಸ್ಟುಡಿಯೋಗೆ ಹೋಗಿ ನಿಧಾನಕ್ಕೆ ಆರಿಸಿ. ರಸ್ತೆಯ ಬಿಸಿಲಲ್ಲಿ ಎಲ್ಲ ಬಣ್ಣವೂ ಚೆನ್ನಾಗೇ ಕಾಣುತ್ತೆ.

ಬಸವನಗುಡಿ_ಹಳಬ

ಸಂತೆಯಲ್ಲಿ ಒಂದೇ ಥರದ ಬುದ್ಧ, ಒಂದೇ ಥರದ ಗಣಪತಿ ಸಾಲು ಸಾಲು ಕಾಣುತ್ತೆ. ಅದನ್ನು ದಾಟಿ ಮುಂದೆ ನಡೆಯೋ ತಾಳ್ಮೆ ಇರಬೇಕು.

ಯಲಹಂಕ_ಹೊಸಮನೆ

ಸರಿ, ಪ್ಯಾಕೇಜ್ ಸಾಲು ತೆಗೆಸಿದೆ. ಅವರ ಮುಖ ಸಣ್ಣದಾಯ್ತು, ಇರಲಿ. ಲೈಟಿಗೆ ವೈರ್ ಎಳೆಸೋಕೆ ಹೇಳಿದ್ದೀನಿ. ಹಸೆ ಬರೆಯುವವರು ಗೋಡೆ ನೋಡೋಕೆ ಬರ್ತಾರೆ. ಸೂರ್ಯನಿಗೆ ಅಡ್ವಾನ್ಸ್ ಕೊಡಬೇಕು. ದೊಡ್ಡ ಗೋಡೆ ಮುಂದಿನ ಮಳೆ ಮುಗಿಯೋವರೆಗೂ ಖಾಲಿ. ಯಜಮಾನರು ‘ನಾನು ಮೊದಲೇ ಹೇಳಿರಲಿಲ್ವಾ’ ಅಂತ ಗೆದ್ದವರ ಥರ ಓಡಾಡ್ತಿದ್ದಾರೆ.

ಸಂತೆಯಲ್ಲಿ ಏನಾದರೂ ಇಷ್ಟವಾಗಿ ಕೊಂಡರೆ ಯಲಹಂಕದವರೆಗೆ ತರೋದು ಹೇಗೆ? ಫ್ರೇಮ್ ಮಾಡಿಸಿರೋದೇ ತಗೋಬೇಕಾ?

ಕಟ್ಟು_ಹಾಕೋನು

ಫ್ರೇಮ್ ಕೆಲಸ ನಮ್ಮದು, ಹೇಳ್ತೀನಿ ಕೇಳಿ. ಫ್ರೇಮ್ ಇಲ್ಲದ್ದೇ ತಗೊಳ್ಳಿ. ಮನೆಗೆ ಬಂದ ಮೇಲೆ ನಿಮ್ಮ ಗೋಡೆ ನೋಡಿ ಹಾಕಿಸಬಹುದು. ಕ್ಯಾನ್ವಾಸ್ ಸುತ್ತುವುದಾದರೆ ಬಣ್ಣದ ಬದಿ ಹೊರಗೆ ಇರಲಿ, ಒಳಗೆ ಮಾಡಿ ಸುತ್ತಿದರೆ ಬಣ್ಣ ಮಡಿಕೆ ಬಿದ್ದು ಬಿರುಕು ಬಿಡುತ್ತೆ. ದಪ್ಪ ಪೈಪಿಗೆ ಸಡಿಲವಾಗಿ ಸುತ್ತಿ, ಮೇಲೆ ಬಟರ್ ಪೇಪರ್. ಆಯಿಲ್ ಪೇಂಟಿಂಗ್ ಹೊಸದಾದರೆ ಸುತ್ತಲೇಬೇಡಿ, ಒಳಗೆ ಹಸಿ ಇರುತ್ತೆ.

ಕಾಗದದ ಚಿತ್ರಕ್ಕೆ ಸುತ್ತ ಪಟ್ಟಿಯಾಗಿ ಹಾಕುವ ದಪ್ಪ ರಟ್ಟು ಆಸಿಡ್ ಫ್ರೀ ಮೌಂಟ್ ಬೋರ್ಡ್ ಅಂತ ಹೇಳಿ ಹಾಕಿಸಿ. ಮಾಮೂಲಿ ಬೋರ್ಡ್ ಹಾಕಿದರೆ ಕೆಲವು ವರ್ಷದಲ್ಲಿ ಅಂಚು ಹಳದಿಯಾಗುತ್ತೆ. ಗಾಜು ಚಿತ್ರಕ್ಕೆ ತಾಗಬಾರದು. ಸೆಲ್ಲೋಟೇಪ್ ಹಚ್ಚೋಕೆ ಬಂದರೆ ಕೈ ಹಿಡಿದು ನಿಲ್ಲಿಸಿ. ಕ್ಯಾನ್ವಾಸಿಗೆ ಗಾಜೇ ಬೇಡ, ಆ 14 ಕಿಲೋ ಉಳೀತು.

2×3 ಅಡಿವರೆಗೆ ಹಳೇ ಬೆಡ್‌ಶೀಟ್ ಸುತ್ತಿ ಆಟೋದಲ್ಲಿ ತರಬಹುದು. ಅದಕ್ಕಿಂತ ದೊಡ್ಡದಾದರೆ ಸಣ್ಣ ಗೂಡ್ಸ್ ಗಾಡಿ ಮಾಡಿ, ನಿಲ್ಲಿಸಿಯೇ ತನ್ನಿ. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಳಿ ಜಾಸ್ತಿ, ಬೈಕ್ ಹಿಂದೆ ಹಿಡ್ಕೊಂಡು ಕೂರೋ ಸಾಹಸ ಬೇಡ ಮೇಡಂ.